ಕುಣಿಸುವ ಹಾಡಿನೊಳಗೆ ಯಾರ ಹೆಸರು? ‘ರ‍್ಯಾಪರ್ಸ್ ಡಿಲೈಟ್’ ಹಾಡಿನ ಅರ್ಥ ಮತ್ತು ಹಿನ್ನೆಲೆ

ನಮ್ಮ ಬಳಗದ ರಾಜ್ಯೋತ್ಸವ ಮುಗಿದ ಮೇಲೆ ಪ್ರತಿ ವರ್ಷ ಒಂದು ದೃಶ್ಯ ತಪ್ಪದೇ ನಡೆಯುತ್ತದೆ. ಕುರ್ಚಿಗಳನ್ನು ಮಡಚಿ, ಬಿಸಿಬೇಳೆಬಾತಿನ ಟ್ರೇ ತೊಳೆದಿಟ್ಟು, ಬಾವುಟ ಸುತ್ತಿ ಚೀಲಕ್ಕೆ ಹಾಕಿದ ಮೇಲೆ ಯಾರಾದರೂ ಒಬ್ಬರು ಸ್ಪೀಕರ್‌ಗೆ ಫೋನ್ ಜೋಡಿಸುತ್ತಾರೆ. ಮೊದಲು ನಮ್ಮ ಸಿನಿಮಾ ಹಾಡುಗಳು. ಆಮೇಲೆ ಚಂದನ್ ಶೆಟ್ಟಿ, ಆಲ್ ಓಕೆ. ಹಾಲ್ ಖಾಲಿ ಮಾಡಲು ಹತ್ತು ನಿಮಿಷ ಇದೆ ಎನ್ನುವಾಗ ಒಂದು ಹಳೆಯ ಅಮೆರಿಕನ್ ಹಾಡು ಬರುತ್ತದೆ. ಬೇಸ್ ಗಿಟಾರ್ ಸುಮ್ಮನೆ ನಡೆದುಕೊಂಡು ಬಂದ ಹಾಗೆ ಶುರುವಾಗುತ್ತದೆ, ಚಪ್ಪಾಳೆ ಸೇರುತ್ತದೆ, ಒಬ್ಬಾತ ಅರ್ಥವಿಲ್ಲದ ಶಬ್ದಗಳನ್ನು ಉರುಳಿಸುತ್ತಾ ಮಾತಿಗಿಳಿಯುತ್ತಾನೆ. ಆ ಮೊದಲ ನಾಲ್ಕು ಶಬ್ದ ಎಲ್ಲರಿಗೂ ಬಾಯಿಪಾಠ. ಐದನೆಯದರಿಂದ ಬರೀ ತುಟಿ ಅಲ್ಲಾಡಿಸುವುದು!

ಆ ಹಾಡಿನ ಹೆಸರು ‘ರ‍್ಯಾಪರ್ಸ್ ಡಿಲೈಟ್’. ಹಾಡಿದವರು ‘ಶುಗರ್‌ಹಿಲ್ ಗ್ಯಾಂಗ್’. ವರ್ಷ 1979. ಈ ಸಲದ ಇ-ಪುಸ್ತಿಕೆಗೆ ಏನು ಬರೆಯೋಣ ಎಂದು ಕೂತಾಗ ನಮಗೆ ಈ ಹಾಡೇ ನೆನಪಾಯಿತು. ಅದಕ್ಕೊಂದು ಕಾರಣ ಇದೆ. ಕಳೆದ ವರ್ಷ ನಮ್ಮ ವೇದಿಕೆಯಲ್ಲಿ ಒಂದು ತಪ್ಪಾಯಿತು. ಆ ತಪ್ಪಿನ ಹಿಂದೆ ಹೋಗುತ್ತಾ ಹೋಗುತ್ತಾ ನಾವು ಈ ಹಾಡಿನ ಒಳಕಥೆಗೆ ಬಂದು ತಲುಪಿದೆವು. ತಪ್ಪಿನ ವಿಷಯ ಕೊನೆಗೆ ಹೇಳುತ್ತೇವೆ. ಮೊದಲು ಹಾಡು.

ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟ್

ಹಿಪ್-ಹಾಪ್ ಹುಟ್ಟಿದ ಜಾಗಕ್ಕೆ ಒಂದು ವಿಳಾಸವೇ ಇದೆ: 1520, ಸೆಡ್ಜ್‌ವಿಕ್ ಅವೆನ್ಯೂ, ಬ್ರಾಂಕ್ಸ್, ನ್ಯೂಯಾರ್ಕ್. ಹುಟ್ಟಿದ ದಿನವೂ ಇದೆ: 1973ರ ಆಗಸ್ಟ್ 11. ಅಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ತಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಒಂದು ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು, ಅದಕ್ಕೆ. ಟಿಕೆಟ್ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್. ಜಮೈಕಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ನ್ಯೂಯಾರ್ಕಿಗೆ ಬಂದವನು. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಡಿಜೆ ಕೂಲ್ ಹರ್ಕ್’ ಎಂದು. ಆಗ ಅವನಿಗೆ 18 ವರ್ಷ. ನಮ್ಮಲ್ಲಿ ಅನೇಕರು ಬ್ಯಾಗ್ ಹಿಡಿದು ವಿಮಾನ ಹತ್ತಿದ ವಯಸ್ಸಿಗಿಂತ ಚಿಕ್ಕದು.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನಲ್ಲಿ ಗಾಯಕರು ಸುಮ್ಮನಾಗಿ, ಡ್ರಮ್ ಮತ್ತು ಬೇಸ್ ಮಾತ್ರ ಉಳಿಯುವ ಕೆಲವು ಸೆಕೆಂಡುಗಳು ಬರುತ್ತವಲ್ಲ, ಕುಣಿಯುವವರು ಕಾಯುತ್ತಿದ್ದದ್ದು ಅದಕ್ಕೆ. ಆ ಭಾಗಕ್ಕೆ ‘ಬ್ರೇಕ್’ ಎನ್ನುತ್ತಾರೆ. ಅದು ಬೇಗ ಮುಗಿದುಹೋಗುತ್ತದೆ. ಹರ್ಕ್ ಏನು ಮಾಡಿದ? ಒಂದೇ ರೆಕಾರ್ಡಿನ ಎರಡು ಪ್ರತಿ ತಂದ. ಎರಡು ಟರ್ನ್‌ಟೇಬಲ್ ಅಕ್ಕಪಕ್ಕ ಇಟ್ಟ. ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು. ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿಕೊಳ್ಳುವುದು. ಹೀಗೆ ಕೆಲವೇ ಸೆಕೆಂಡಿನ ತಾಳ ನಿಮಿಷಗಟ್ಟಲೆ ನಡೆಯತೊಡಗಿತು. ಆ ಬ್ರೇಕ್‌ಗೆ ಕುಣಿಯುವ ಹುಡುಗರೇ ‘ಬಿ-ಬಾಯ್’ಗಳಾದರು.

ತಾಳ ನಡೆಯುವಾಗ ಮೈಕಿನಲ್ಲಿ ಒಂದೆರಡು ಮಾತು ಬೇಡವೇ? ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಬಂದವರ ಹೆಸರು ಕೂಗಿ, ರೇಗಿಸಿ, ಹುರಿದುಂಬಿಸುತ್ತಿದ್ದ. ಜಮೈಕಾದ ಬೀದಿ ಸೌಂಡ್ ಸಿಸ್ಟಮ್‌ಗಳಲ್ಲಿ ರೆಕಾರ್ಡಿನ ಮೇಲೆ ಮಾತಾಡುವ ರೂಢಿ ಮೊದಲೇ ಇತ್ತು. ಅಮೆರಿಕದ ಕಪ್ಪುಜನರ ರೇಡಿಯೊಗಳಲ್ಲಿ ಪ್ರಾಸ ಕಟ್ಟಿ ಮಾತಾಡುವ ಡಿಜೆಗಳಿದ್ದರು. ಬೀದಿ ಹುಡುಗರು ಒಬ್ಬರನ್ನೊಬ್ಬರು ಪ್ರಾಸದಲ್ಲಿ ಹೀಯಾಳಿಸುವ ಆಟವಿತ್ತು. ಬಾಕ್ಸರ್ ಮುಹಮ್ಮದ್ ಅಲಿ ಎದುರಾಳಿಯನ್ನು ಪದ್ಯದಲ್ಲೇ ಕೆಣಕುತ್ತಿದ್ದದ್ದು ಎಲ್ಲರಿಗೂ ಗೊತ್ತು. ಇವೆಲ್ಲ ಸೇರಿ, ಎರಡು ಮಾತು ನಾಲ್ಕು ಸಾಲಾಗಿ, ನಾಲ್ಕು ಸಾಲು ಒಂದು ಪದ್ಯವಾಗಿ ಬೆಳೆಯಿತು. ಮೈಕ್ ಹಿಡಿದವನಿಗೆ ‘ಎಂಸಿ’ ಎಂಬ ಹೆಸರು ಬಂತು.

ನಮ್ಮಲ್ಲಿ ಉತ್ತರ ಕರ್ನಾಟಕದವರಿಗೆ ಇದು ತೀರಾ ಹೊಸದು ಅನ್ನಿಸಲಿಕ್ಕಿಲ್ಲ. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಹಾಡಿನಲ್ಲೇ ಸವಾಲು-ಜವಾಬು ಮಾಡುವುದನ್ನು ಕೇಳಿದವರಿಗೆ ಎಂಸಿಗಳ ಜಿದ್ದು ಸುಲಭವಾಗಿ ಅರ್ಥವಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಎಂದು ನಾವು ಹೇಳುತ್ತಿಲ್ಲ. ಜನ ಸೇರಿದ ಕಡೆ, ತಾಳ ಇರುವ ಕಡೆ, ಮಾತಿನ ಪಂತ ಹುಟ್ಟಿಕೊಳ್ಳುತ್ತದೆ, ಅಷ್ಟೇ.

ಇನ್ನೊಂದು ಮಾತು ಮರೆಯಬಾರದು. ಆ ಕಾಲದ ಬ್ರಾಂಕ್ಸ್ ಸುಖದ ಊರಲ್ಲ. ನಡುವೆ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಹಾದುಹೋಗಲು ಸಾವಿರಾರು ಜನರ ಮನೆಗಳು ಹೋಗಿದ್ದವು. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್‌ನ ಕಟ್ಟಡಗಳು ಒಂದರ ಹಿಂದೆ ಒಂದು ಬೆಂಕಿಗೆ ಬಿದ್ದವು. ಕೆಲವಕ್ಕೆ ವಿಮೆ ಹಣದ ಆಸೆಯಿಂದ ಮಾಲೀಕರೇ ಬೆಂಕಿ ಹಾಕಿಸಿದ್ದರು. ದಿವಾಳಿಯ ಅಂಚಿನಲ್ಲಿದ್ದ ನಗರ ಅಗ್ನಿಶಾಮಕ ಠಾಣೆಗಳನ್ನೇ ಮುಚ್ಚಿತ್ತು. 1977ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿನ ಷಾರ್ಲೆಟ್ ಸ್ಟ್ರೀಟ್‌ಗೆ ಬಂದು ಇಟ್ಟಿಗೆ ರಾಶಿಗಳ ನಡುವೆ ನಡೆದಾಡಿದ ಫೋಟೊ ಇಂದಿಗೂ ಪ್ರಸಿದ್ಧ. ಇಂಥ ಊರಿನಲ್ಲಿ ಹುಡುಗರು ಪಾರ್ಕಿನ ದೀಪದ ಕಂಬದಿಂದ ಕರೆಂಟ್ ಎಳೆದು ಸ್ಪೀಕರ್ ಹಚ್ಚುತ್ತಿದ್ದರು. ‘ಪಾರ್ಟಿ ಸಾಂಗ್’ ಎಂದು ನಾವು ಹಗುರವಾಗಿ ಹೇಳುತ್ತೇವೆ. ಅಲ್ಲಿ ಪಾರ್ಟಿ ಎಂದರೆ ಬದುಕು ನಡೆದಿದೆ ಎಂಬುದಕ್ಕೆ ಒಂದು ಸಾಕ್ಷಿ.

ರೆಕಾರ್ಡ್ ಯಾಕೆ ಮಾಡಲಿಲ್ಲ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. 1973ಕ್ಕೆ ಶುರುವಾದದ್ದು 1979ರವರೆಗೆ ರೆಕಾರ್ಡ್ ಆಗಿ ಯಾಕೆ ಬರಲಿಲ್ಲ? ಉತ್ತರ ಸರಳ. ಬ್ರಾಂಕ್ಸ್‌ನವರಿಗೆ ಇದು ‘ಹಾಡು’ ಅಲ್ಲ, ‘ರಾತ್ರಿ’. ಸಂಜೆ ಶುರುವಾದರೆ ಗಂಟೆಗಟ್ಟಲೆ ನಡೆಯುವುದು. ಡಿಜೆಯ ಕೈಚಳಕ, ಎಂಸಿಯ ಮಾತು, ಕುಣಿಯುವವರ ಬೆವರು ಎಲ್ಲವೂ ಸೇರಿ ಅದು. ಅದನ್ನು ಮೂರು ನಿಮಿಷದ ತಟ್ಟೆಗೆ ಹೇಗೆ ತುಂಬುವುದು? ಯಕ್ಷಗಾನದ ಒಂದು ಇಡೀ ರಾತ್ರಿಯನ್ನು ರಿಂಗ್‌ಟೋನ್ ಮಾಡು ಎಂದ ಹಾಗೆ. ಪಾರ್ಟಿಗಳನ್ನು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಅಷ್ಟು ಸಾಕಿತ್ತು.

ರೆಕಾರ್ಡ್ ಮಾಡಬಹುದು ಎಂದು ಪಟ್ಟು ಹಿಡಿದವರು ಹೊರಗಿನಿಂದ ಬಂದರು. ಹೆಸರು ಸಿಲ್ವಿಯಾ ರಾಬಿನ್ಸನ್. ಸ್ವತಃ ಗಾಯಕಿ. 1950ರ ದಶಕದಲ್ಲಿ ‘ಮಿಕಿ ಅಂಡ್ ಸಿಲ್ವಿಯಾ’ ಜೋಡಿಯಲ್ಲಿ ಹಾಡಿ ಹೆಸರಾಗಿದ್ದರು, 1973ರಲ್ಲಿ ‘ಪಿಲ್ಲೋ ಟಾಕ್’ ಎಂಬ ಹಿಟ್ ಕೊಟ್ಟಿದ್ದರು. ಗಂಡ ಜೋ ಜೊತೆ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿ ರೆಕಾರ್ಡ್ ಕಂಪನಿ ನಡೆಸುತ್ತಿದ್ದರು. ಕೈಯಲ್ಲಿ ದುಡ್ಡಿರಲಿಲ್ಲ. 1979ರಲ್ಲಿ ಹಾರ್ಲೆಮ್‌ನ ಒಂದು ಕ್ಲಬ್‌ಗೆ ಹೋದಾಗ ಡಿಜೆಯೊಬ್ಬ ಸಂಗೀತದ ಮೇಲೆ ಮಾತಾಡುತ್ತಾ ಇಡೀ ಹಾಲನ್ನು ಕುಣಿಸುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಇದನ್ನು ರೆಕಾರ್ಡ್ ಮಾಡಿದರೆ ಓಡುತ್ತದೆ ಎಂದು ಅವರಿಗೆ ಅಲ್ಲೇ ಅನ್ನಿಸಿತು.

ಆದರೆ ಹಾಡುವವರು ಯಾರು? ಅವರ ಮಗ ಜೋಯಿ ಎಂಗಲ್‌ವುಡ್‌ನ ಒಂದು ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಜಾಕ್ಸನ್ ಕ್ಯಾಸೆಟ್ ಹಾಕಿಕೊಂಡು ಅದರ ಜೊತೆಗೆ ರ‍್ಯಾಪ್ ಹೇಳುತ್ತಾ ಪಿಜ್ಜಾ ಮಾಡುತ್ತಿದ್ದ. ಅವನನ್ನು ಕಾರಿನಲ್ಲಿ ಕೂರಿಸಿ ಹೇಳಿಸಿ ನೋಡಿದರು. ಅಷ್ಟರಲ್ಲಿ ಇನ್ನಿಬ್ಬರು ಬಂದು ನಾವೂ ಹೇಳುತ್ತೇವೆ ಎಂದರು: ಮೈಕೆಲ್ ರೈಟ್ ಮತ್ತು ಗೈ ಓ’ಬ್ರಿಯನ್. ಯಾರನ್ನು ಆರಿಸುವುದು ಎಂದು ಯೋಚಿಸಿದ ಸಿಲ್ವಿಯಾ ಮೂವರನ್ನೂ ಸೇರಿಸಿದರು. ಮೂವರೂ ಕ್ರಮವಾಗಿ ಬಿಗ್ ಬ್ಯಾಂಕ್ ಹ್ಯಾಂಕ್, ವಂಡರ್ ಮೈಕ್, ಮಾಸ್ಟರ್ ಜೀ ಆದರು. ಹಾರ್ಲೆಮ್‌ನ ಶುಗರ್ ಹಿಲ್ ಎಂಬ ಬಡಾವಣೆಯ ಹೆಸರು ಕಂಪನಿಗೂ ತಂಡಕ್ಕೂ ಬಂತು. ಮೂವರೂ ಒಟ್ಟಿಗೆ ಒಂದು ಪಾರ್ಟಿಯಲ್ಲೂ ಹಾಡಿದವರಲ್ಲ. ಪಿಜ್ಜಾ ಅಂಗಡಿ ಮುಂದೆ ಹುಟ್ಟಿದ ತಂಡ ಅದು.

ತಾಳಕ್ಕೆ ಸಿಲ್ವಿಯಾ ಆರಿಸಿದ್ದು ಆ ಬೇಸಿಗೆಯ ದೊಡ್ಡ ಹಿಟ್, ‘ಶೀಕ್’ ತಂಡದ ‘ಗುಡ್ ಟೈಮ್ಸ್’. ಆಗ ಸ್ಯಾಂಪ್ಲರ್ ಯಂತ್ರಗಳು ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಸ್ಟುಡಿಯೊದಲ್ಲಿ ವಾದಕರನ್ನು ಕೂರಿಸಿ, ಆ ಬೇಸ್ ಸಾಲನ್ನು ಮತ್ತೆ ಮತ್ತೆ ಕೈಯಲ್ಲೇ ನುಡಿಸಿಸಿದರು. ಹರ್ಕ್ ಎರಡು ಟರ್ನ್‌ಟೇಬಲ್‌ನಲ್ಲಿ ಮಾಡಿದ್ದನ್ನು ಇಲ್ಲಿ ಬೆರಳುಗಳು ಮಾಡಿದವು. 12 ಇಂಚಿನ ರೆಕಾರ್ಡಿನಲ್ಲಿ ಹಾಡು 14 ನಿಮಿಷಕ್ಕೂ ಹೆಚ್ಚು ಉದ್ದ. ಸೆಪ್ಟೆಂಬರ್ 1979ಕ್ಕೆ ಬಿಡುಗಡೆ.

ಇದೇ ಮೊದಲ ರ‍್ಯಾಪ್ ರೆಕಾರ್ಡ್ ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅದೇ ವರ್ಷ ‘ಫ್ಯಾಟ್‌ಬ್ಯಾಕ್’ ತಂಡದ ‘ಕಿಂಗ್ ಟಿಮ್ ದಿ ಥರ್ಡ್’ ಇದಕ್ಕಿಂತ ಸ್ವಲ್ಪ ಮೊದಲು ಬಂದಿತ್ತು. ಆದರೆ ರ‍್ಯಾಪ್ ಅನ್ನು ಊರಾಚೆ, ದೇಶದಾಚೆ ಕೊಂಡೊಯ್ದದ್ದು ‘ರ‍್ಯಾಪರ್ಸ್ ಡಿಲೈಟ್’. 1980ರ ಜನವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 36ನೇ ಸ್ಥಾನ. ಟಾಪ್ 40 ಮುಟ್ಟಿದ ಮೊದಲ ರ‍್ಯಾಪ್ ಹಾಡು ಅದು. ಬ್ರಿಟನ್ನಿನಲ್ಲಿ 3ನೇ ಸ್ಥಾನ, ಕೆನಡಾದಲ್ಲಿ 1ನೇ ಸ್ಥಾನ.

ಹಾಡು ಏನು ಹೇಳುತ್ತದೆ?

ಸಾಹಿತ್ಯವನ್ನು ಇಲ್ಲಿ ಉದ್ಧರಿಸುವುದಿಲ್ಲ, ನೀವೇ ಕೇಳಿ. ಕೇಳುವಾಗ ಏನೇನು ಗಮನಿಸಬೇಕು ಅನ್ನುವುದನ್ನು ಹೇಳುತ್ತೇವೆ.

ಮೊದಲನೆಯದು, ಆ ಅರ್ಥವಿಲ್ಲದ ಶಬ್ದಗಳು. ‘ಹಿಪ್’, ‘ಹಾಪ್’ ಎಂದು ಪುಟಿಯುವ ಶಬ್ದಗಳನ್ನು ವಂಡರ್ ಮೈಕ್ ಹುಟ್ಟಿಸಿದ್ದಲ್ಲ. ಬ್ರಾಂಕ್ಸ್‌ನ ಎಂಸಿಗಳು ಪಾರ್ಟಿಗಳಲ್ಲಿ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನಪಾಗುವವರೆಗೆ ತಾಳ ಬಿಡದಿರಲು ಇವನ್ನು ಬಳಸುತ್ತಿದ್ದರು. ‘ಫ್ಯೂರಿಯಸ್ ಫೈವ್’ ತಂಡದ ಕೌಬಾಯ್ ಎಂಬಾತ ಸೈನ್ಯಕ್ಕೆ ಸೇರಿದ ಗೆಳೆಯನನ್ನು ರೇಗಿಸಲು ಕವಾಯತಿನ ಹೆಜ್ಜೆಯನ್ನು ಅನುಕರಿಸಿ ಹಾಗೆ ಹೇಳಿದ ಎಂಬ ಕಥೆ ಪ್ರಚಾರದಲ್ಲಿದೆ. ನಮ್ಮ ಜನಪದ ಹಾಡಿನ ತಂದಾನ, ತಾನಿ ತಂದಾನಗಳು ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಅರ್ಥ ಇಲ್ಲ, ಆದರೆ ಅವಿಲ್ಲದೆ ಹಾಡು ನಿಲ್ಲುವುದಿಲ್ಲ. ಈ ರೆಕಾರ್ಡು ಹರಡಿದ ಮೇಲೆ ಆ ಎರಡು ಶಬ್ದಗಳೇ ಇಡೀ ಸಂಸ್ಕೃತಿಗೆ ಹೆಸರಾದವು.

ಎರಡನೆಯದು, ಪರೀಕ್ಷೆಯ ಮಾತು. ಶುರುವಿನಲ್ಲೇ ಮೈಕ್, ನೀವು ಕೇಳುತ್ತಿರುವುದು ಪರೀಕ್ಷೆಯಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಅಮೆರಿಕದ ರೇಡಿಯೊ, ಟಿವಿಗಳಲ್ಲಿ ತುರ್ತು ಪ್ರಸಾರದ ವ್ಯವಸ್ಥೆಯನ್ನು ಆಗಾಗ ಪರೀಕ್ಷಿಸಿ, ಇದು ಬರೀ ಪರೀಕ್ಷೆ ಎಂದು ಹೇಳುವ ರೂಢಿ ಇತ್ತು. ಆಗಿನ ಕಿವಿಗೆ ಆ ಸಾಲು ಆ ಪ್ರಕಟಣೆಯನ್ನು ನೆನಪಿಸುತ್ತಿತ್ತು. ಇದು ರಿಹರ್ಸಲ್ ಅಲ್ಲ, ನಿಜವಾಗಿ ಶುರುವಾಗಿದೆ ಎಂದ ಹಾಗೆ. ಆಮೇಲೆ ಎಲ್ಲ ಬಣ್ಣದ ಜನರಿಗೂ ಹಲೋ ಹೇಳುತ್ತಾನೆ, ಜಗತ್ತಿನಲ್ಲಿ ಇಲ್ಲದ ಬಣ್ಣದವರನ್ನೂ ಬಿಡುವುದಿಲ್ಲ. ಬಣ್ಣ ನೋಡಿ ಮನೆ ಬಾಡಿಗೆಗೆ ಕೊಡುತ್ತಿದ್ದ ದೇಶದಲ್ಲಿ ಆ ತಮಾಷೆಗೆ ತೂಕ ಇದೆ.

ಮೂರನೆಯದು, ಬಡಾಯಿ. ಕಾರು, ಅಂಗರಕ್ಷಕರು, ಈಜುಕೊಳ, ಬಟ್ಟೆ, ಬ್ಯಾಸ್ಕೆಟ್‌ಬಾಲ್ ನೋಡಲು ಕಲರ್ ಟಿವಿ. ಇವತ್ತು ಕೇಳಿದರೆ ಕಲರ್ ಟಿವಿಯ ಬಡಾಯಿ ನಗು ತರಿಸುತ್ತದೆ. ಹೇಳುತ್ತಿರುವವನು ಪಿಜ್ಜಾ ಅಂಗಡಿಯ ಕೆಲಸಗಾರ ಎಂದು ನೆನಪಾದರೆ ನಗು ಸ್ವಲ್ಪ ತಡೆಯುತ್ತದೆ. ಇಲ್ಲದ್ದನ್ನು ಇದೆ ಎಂದು ಹೇಳುವುದು ಆ ಆಟದ ನಿಯಮ. ಕೇಳುವವರಿಗೂ ಇಲ್ಲ ಎಂದು ಗೊತ್ತು. ಅದರ ನಡುವೆ ಸೂಪರ್‌ಮ್ಯಾನ್‌ನ ಗೆಳತಿ ಲೋಯಿಸ್ ಲೇನ್ ಬಂದು, ಸೂಪರ್‌ಮ್ಯಾನ್‌ಗಿಂತ ತಾನೇ ಮೇಲು ಎಂದು ಎಂಸಿ ಅವಳನ್ನು ಒಪ್ಪಿಸಲು ನೋಡುವ ಭಾಗ ಇದೆ. ಕೆಲವು ಸಾಲುಗಳು ಪೋಲಿ, ಹೆಣ್ಣುಮಕ್ಕಳ ಬಗ್ಗೆ ಹೇಳುವ ಮಾತುಗಳು ನಮಗೆ ಹಿತವಾಗುವುದಿಲ್ಲ. ಅದನ್ನು ಮುಚ್ಚಿಡಬೇಕಾಗಿಲ್ಲ.

ನಾಲ್ಕನೆಯದು ನಮ್ಮೆಲ್ಲರ ಮೆಚ್ಚಿನ ಭಾಗ. ಗೆಳೆಯನ ಮನೆಗೆ ಊಟಕ್ಕೆ ಹೋಗಿ, ಅಡುಗೆ ಬಾಯಿಗಿಡಲಾಗದೆ, ಮರ್ಯಾದೆಗೆ ತಿನ್ನುತ್ತಾ ಒದ್ದಾಡುವ ಕಥೆ. ಚಿಕನ್ ಮರದ ತುಂಡಿನ ಹಾಗಿದೆ, ಆದರೂ ಮನೆಯವರು ಚೆನ್ನಾಗಿದೆಯಾ ಎಂದು ಕೇಳಿದರೆ ಏನು ಹೇಳುವುದು? “ಇನ್ನೊಂಚೂರು ಹಾಕಿಸ್ಕೊಳ್ಳಿ, ನಾಚ್ಕೋಬೇಡಿ” ಎಂಬ ಉಪಚಾರದ ಮುಂದೆ ಸೋತ ನಮಗೆ ಇದರ ಅನುವಾದ ಬೇಕಿಲ್ಲ. ಕೊನೆಗೆ ಎದ್ದು ಓಡುವುದೊಂದೇ ದಾರಿ. ಇಡೀ ಹಾಡಿನಲ್ಲಿ ಬಡಾಯಿ ಬಿಟ್ಟು ನೆಲಕ್ಕೆ ಇಳಿಯುವ ಜಾಗ ಇದು. ಬಹುಶಃ ಅದಕ್ಕೇ ಹೆಚ್ಚು ಜನರ ನೆನಪಿನಲ್ಲಿ ಉಳಿದಿದೆ.

ಹಾಡಿನೊಳಗೆ ಸಿಕ್ಕಿಬಿದ್ದ ಹೆಸರು

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಗ್ ಬ್ಯಾಂಕ್ ಹ್ಯಾಂಕ್‌ನ ಸರದಿ ಬಂದಾಗ ಅವನು ತನ್ನ ಪರಿಚಯ ಮಾಡಿಕೊಳ್ಳುತ್ತಾ ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಾನೆ. ಗಮನ ಕೊಟ್ಟು ಕೇಳಿ. ಅದು ‘ಹ್ಯಾಂಕ್’ ಅಲ್ಲ. ‘ಕ್ಯಾಸನೋವಾ’. ಅದರ ಬೆನ್ನಿಗೇ ‘ಫ್ಲೈ’.

ಕ್ಯಾಸನೋವಾ ಫ್ಲೈ ಎಂಬುದು ಬೇರೊಬ್ಬನ ವೇದಿಕೆ ಹೆಸರು. ಬ್ರಾಂಕ್ಸ್‌ನ ಕರ್ಟಿಸ್ ಫಿಶರ್. ಮುಂದೆ ‘ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್’ ಎಂದು, ‘ಕೋಲ್ಡ್ ಕ್ರಶ್ ಬ್ರದರ್ಸ್’ ತಂಡದವನೆಂದು ಹೆಸರಾದವನು. ಹ್ಯಾಂಕ್ ಅವನ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ. ಪಿಜ್ಜಾ ಅಂಗಡಿಯಲ್ಲಿ ಹಾಕಿಕೊಳ್ಳುತ್ತಿದ್ದ ಕ್ಯಾಸೆಟ್ ಕ್ಯಾಜ್‌ನದೇ. ರೆಕಾರ್ಡ್ ಮಾಡುವ ಅವಕಾಶ ಬಂದಾಗ ಹ್ಯಾಂಕ್ ಕ್ಯಾಜ್ ಬಳಿ ಹೋದ. ಕ್ಯಾಜ್ ತನ್ನ ಪ್ರಾಸದ ನೋಟ್‌ಬುಕ್ ಕೊಟ್ಟು, ಬೇಕಾದ್ದನ್ನು ತೆಗೆದುಕೋ ಎಂದ. ಇದು ಓಡಿದರೆ ನನಗೂ ಏನಾದರೂ ಬಂದೇ ಬರುತ್ತದೆ ಎಂಬ ನಂಬಿಕೆ. ಕಾಗದ ಇಲ್ಲ, ಸಹಿ ಇಲ್ಲ.

ಹ್ಯಾಂಕ್ ತೆಗೆದುಕೊಂಡ. ಎಷ್ಟು ಯಥಾವತ್ತಾಗಿ ಎಂದರೆ, ಕ್ಯಾಜ್ ತನ್ನ ಹೆಸರು ಬಿಡಿಸಿ ಹೇಳುವ ಭಾಗವನ್ನೂ ಬದಲಿಸಲಿಲ್ಲ. ಸೂಪರ್‌ಮ್ಯಾನ್ ಭಾಗವೂ ತನ್ನದೇ ಎಂದು ಕ್ಯಾಜ್ ಹೇಳುತ್ತಾ ಬಂದಿದ್ದಾನೆ. ಹಾಡು ಲಕ್ಷಗಟ್ಟಲೆ ಮಾರಾಟವಾಯಿತು. ಲೇಬಲ್ ಮೇಲೆ ಕ್ಯಾಜ್ ಹೆಸರಿಲ್ಲ. ಅವನಿಗೆ ದುಡ್ಡೂ ಬರಲಿಲ್ಲ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಘಟನೆ ಇಟ್ಟು ನೋಡಿ. ‘ಗುಡ್ ಟೈಮ್ಸ್’ ಬರೆದವರಲ್ಲಿ ಒಬ್ಬರಾದ ನೈಲ್ ರಾಡ್ಜರ್ಸ್ ನ್ಯೂಯಾರ್ಕಿನ ಕ್ಲಬ್ ಒಂದರಲ್ಲಿ ಈ ಹಾಡು ಕೇಳಿದರು. ತಮ್ಮದೇ ಬೇಸ್ ಸಾಲು! ಅದನ್ನು ನುಡಿಸಿದ್ದ ಬರ್ನಾರ್ಡ್ ಎಡ್ವರ್ಡ್ಸ್ ಮತ್ತು ಅವರು ಕೋರ್ಟಿಗೆ ಹೋಗುವ ಎಚ್ಚರಿಕೆ ಕೊಟ್ಟರು. ಮಾತುಕತೆ ಆಗಿ, ಇಬ್ಬರ ಹೆಸರೂ ರಚನೆಕಾರರ ಪಟ್ಟಿಗೆ ಸೇರಿತು. ಮುಂದೆ ರಾಡ್ಜರ್ಸ್ ಈ ಹಾಡನ್ನು ಮೆಚ್ಚಿ ಮಾತಾಡಿದ್ದಾರೆ.

ಒಂದೇ ಹಾಡು, ಎರಡು ಸಾಲ. ಒಂದು ಸಾಲ ತೀರಿತು, ಇನ್ನೊಂದು ತೀರಲಿಲ್ಲ. ವ್ಯತ್ಯಾಸ ಎಲ್ಲಿ? ಬೇಸ್ ಸಾಲು ಆಗಲೇ ರೆಕಾರ್ಡ್ ಆಗಿತ್ತು, ಅದಕ್ಕೆ ಕಂಪನಿ ಇತ್ತು, ವಕೀಲರಿದ್ದರು. ಕ್ಯಾಜ್‌ನ ಮಾತುಗಳು ಒಂದು ನೋಟ್‌ಬುಕ್‌ನಲ್ಲಿ, ಕೆಲವು ಕ್ಯಾಸೆಟ್‌ಗಳಲ್ಲಿ, ಪಾರ್ಟಿಗೆ ಬಂದವರ ನೆನಪಿನಲ್ಲಿ ಮಾತ್ರ ಇದ್ದವು. ಬ್ರಾಂಕ್ಸ್‌ನಲ್ಲಿ ಯಾರ ಸಾಲು ಯಾರದು ಎಂದು ಎಲ್ಲರಿಗೂ ಗೊತ್ತಿತ್ತು, ಬರೆದಿಡುವ ಅಗತ್ಯ ಬಿದ್ದಿರಲಿಲ್ಲ. ಸಾಲು ಊರು ಬಿಟ್ಟು ಹೊರಟಾಗ ಆ ‘ಎಲ್ಲರಿಗೂ ಗೊತ್ತು’ ಹಿಂದೆಯೇ ಉಳಿಯಿತು.

ಕಥೆ ಇಲ್ಲಿಗೂ ಮುಗಿಯುವುದಿಲ್ಲ. ವರ್ಷಗಳ ನಂತರ ವಂಡರ್ ಮೈಕ್ ಮತ್ತು ಮಾಸ್ಟರ್ ಜೀ ತಮ್ಮದೇ ವೇದಿಕೆ ಹೆಸರನ್ನು ಬಳಸುವ ಹಕ್ಕಿಗಾಗಿ ಹೋರಾಡಬೇಕಾಯಿತು. ಆ ಬಗ್ಗೆ 2011ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರೇ ‘ಐ ವಾಂಟ್ ಮೈ ನೇಮ್ ಬ್ಯಾಕ್’. ನನ್ನ ಹೆಸರು ನನಗೆ ಕೊಡಿ! ಅದೇ 2011ರ ಸಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಆರಿಸಿತು. ಸಿಲ್ವಿಯಾ ರಾಬಿನ್ಸನ್ ಆ ವರ್ಷವೇ ತೀರಿಕೊಂಡರು. ಹ್ಯಾಂಕ್ 2014ರಲ್ಲಿ.

ಸಿಲ್ವಿಯಾರನ್ನು ಬರೀ ಖಳನಾಯಕಿ ಮಾಡುವುದೂ ನ್ಯಾಯವಲ್ಲ. ಅವರು ಪಟ್ಟು ಹಿಡಿಯದಿದ್ದರೆ ಈ ಕಲೆ ಎಷ್ಟು ವರ್ಷ ಕ್ಯಾಸೆಟ್‌ನಲ್ಲೇ ಉಳಿಯುತ್ತಿತ್ತೋ. 1982ರಲ್ಲಿ ಬ್ರಾಂಕ್ಸ್‌ನ ನಿಜವಾದ ಬದುಕನ್ನು ಹೇಳಿದ ‘ದಿ ಮೆಸೇಜ್’ ಎಂಬ ರ‍್ಯಾಪ್ ಕೂಡ ಅವರದೇ ಕಂಪನಿಯಿಂದ, ಅವರದೇ ಒತ್ತಾಯದಿಂದ ಬಂದದ್ದು. ದಾರಿ ತೆರೆದವರೂ ಅವರೇ. ಆ ದಾರಿಯಲ್ಲಿ ಕೆಲವರ ಹೆಸರು ಬಿದ್ದುಹೋಯಿತು. ಎರಡೂ ನಿಜ.

ಅಂಕಿತದ ನೆನಪು

ಇಷ್ಟು ಓದುವ ಹೊತ್ತಿಗೆ ನಮ್ಮಲ್ಲೊಬ್ಬರು ಹೇಳಿದರು, “ಇದು ನಮ್ಮ ಅಂಕಿತದ ಹಾಗೇ ಇದೆಯಲ್ವಾ?” ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದೆವು.

ಕೂಡಲಸಂಗಮದೇವ ಎಂದು ಬಂದರೆ ಅದು ಬಸವಣ್ಣನವರ ವಚನ. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಪುರಂದರ ವಿಠಲ ಎಂದರೆ ಪುರಂದರದಾಸರು. ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಮುಖಪುಟ ಇಲ್ಲದ, ಲೇಬಲ್ ಇಲ್ಲದ, ಬಾಯಿಂದ ಬಾಯಿಗೆ ದಾಟುವ ಸಾಹಿತ್ಯದಲ್ಲಿ ಸಹಿಯನ್ನು ಹಾಡಿನ ಒಳಗೇ ನೇಯ್ದಿಟ್ಟರು. ಶತಮಾನಗಳು ದಾಟಿದರೂ ಯಾರದೆಂದು ನಮಗೆ ಗೊತ್ತಾಗುವುದು ಅದರಿಂದ. ನಿಜ, ಅಂಕಿತ ಇರುವುದು ದೇವರ ಹೆಸರಿನಲ್ಲಿ. ‘ನಾನು’ ಎಂದು ಹೇಳಿಕೊಳ್ಳಲು ಹಾಕಿದ್ದಲ್ಲ. ಎಂಸಿ ತನ್ನ ಹೆಸರನ್ನೇ ಎದೆ ತಟ್ಟಿ ಕೂಗುತ್ತಾನೆ. ಭಾವ ಪೂರ್ತಿ ತಿರುಗುಮುರುಗು. ಆದರೆ ಮಾಡುವ ಕೆಲಸ ಒಂದೇ. ಕ್ಯಾಜ್ ತನ್ನ ಹೆಸರನ್ನು ಸಾಲಿನೊಳಗೆ ನೇಯದಿದ್ದರೆ ಅವನ ಮಾತಿಗೆ ಇವತ್ತು ಅಷ್ಟು ಗಟ್ಟಿ ಸಾಕ್ಷಿ ಇರುತ್ತಿರಲಿಲ್ಲ. 1979ರಿಂದ ಈವರೆಗೆ ಪ್ರತಿ ಸಲ ಆ ಹಾಡು ಮೊಳಗಿದಾಗಲೂ ಹ್ಯಾಂಕ್‌ನ ಬಾಯಿಂದಲೇ ಕ್ಯಾಜ್‌ನ ಹೆಸರು ಹೊರಬರುತ್ತದೆ.

ಇನ್ನು ನಮ್ಮ ತಪ್ಪು

ಕಳೆದ ರಾಜ್ಯೋತ್ಸವದಲ್ಲಿ ನಾವು ಒಂದು ಕನ್ನಡ ರ‍್ಯಾಪ್ ಮಾಡಿದ್ದು ನಿಮಗೆ ನೆನಪಿರಬಹುದು. ವೀಸಾ ಇಂಟರ್‌ವ್ಯೂ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಡಾರ್ಮ್‌ನಲ್ಲಿ ಒಗ್ಗರಣೆ ಹಾಕಿ ಫೈರ್ ಅಲಾರಂ ಹೊಡೆದದ್ದು, ಎಲ್ಲ ಇತ್ತು ಅದರಲ್ಲಿ. ಸಭೆ ಶಿಳ್ಳೆ ಹೊಡೆಯಿತು. ವಿಡಿಯೊ ಊರಿನವರೆಗೂ ಹೋಯಿತು. ಆ ಸಾಲುಗಳನ್ನು ಬರೆದವನು ಆಗಷ್ಟೇ ಬಂದಿದ್ದ ನಮ್ಮ ಒಬ್ಬ ಜೂನಿಯರ್. ವೇದಿಕೆ ಹತ್ತಲು ಸಂಕೋಚ ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದ. ನಾವು ನಾಲ್ಕು ಜನ ಹೇಳಿದೆವು. ಪರದೆಯ ಮೇಲೆ ನಾಲ್ಕು ಜನರ ಹೆಸರು ಬಂತು. ಅವನದು ಬರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಬಳಗದಲ್ಲಿ ‘ಎಲ್ಲರಿಗೂ ಗೊತ್ತು’ ಅಂದುಕೊಂಡಿದ್ದೆವು.

ಎರಡು ವಾರದ ನಂತರ ಕೇಳಿದರೆ, “ಪರವಾಗಿಲ್ಲ ಬಿಡಿ ಅಕ್ಕಾ, ಏನೋ ಸುಮ್ನೆ ಬರ್ದಿದ್ದು” ಅಂದ. ಆಮೇಲೆ ಯುಗಾದಿ ಕಾರ್ಯಕ್ರಮಕ್ಕೆ ಏನೂ ಬರೆಯಲಿಲ್ಲ, ಓದು ಜಾಸ್ತಿ ಇದೆ ಅಂದ. ಇರಬಹುದು. ಆದರೆ ಪರವಾಗಿಲ್ಲ ಎನ್ನುವ ಮಾತು ನಮ್ಮ ಕನ್ನಡದಲ್ಲಿ ಎಷ್ಟು ಸಲ ಪರವಾಗಿದೆ ಎಂದೇ ಅರ್ಥ ಕೊಡುತ್ತದೆ ಎಂದು ನಮಗೆ ಗೊತ್ತಿಲ್ಲವೇ?

ಮನೆ ಬಿಟ್ಟು ಇಷ್ಟು ದೂರ ಬಂದ ಮೇಲೆ ನಮ್ಮ ಹೆಸರನ್ನು ಇಲ್ಲಿನವರು ಸರಿಯಾಗಿ ಹೇಳುವುದಿಲ್ಲ ಎಂದು ನಾವೆಲ್ಲ ಬೇಸರ ಪಡುತ್ತೇವೆ. ಕಾಫಿ ಅಂಗಡಿಯಲ್ಲಿ ಸುಲಭಕ್ಕೆ ಬೇರೆ ಹೆಸರು ಹೇಳಿ ಬರುತ್ತೇವೆ. ಹೆಸರಿನ ಬೆಲೆ ಗೊತ್ತಿದ್ದೂ ನಮ್ಮವನ ಹೆಸರನ್ನು ನಾವೇ ಬಿಟ್ಟೆವು.

ಅವನನ್ನು ಕೇಳಿ, ಅವನ ಒಪ್ಪಿಗೆ ಪಡೆದು, ಆ ವಿಡಿಯೊದ ಮೊದಲ ಸಾಲಿನಲ್ಲೇ ಈಗ ಅವನ ಹೆಸರು ಹಾಕಿದ್ದೇವೆ. ಇಲ್ಲಿ ಹಾಕಬೇಡಿ, ಮುಜುಗರ ಆಗುತ್ತೆ ಅಂದ, ಹಾಗಾಗಿ ಇಲ್ಲಿ ಇಲ್ಲ. ಈ ವರ್ಷದಿಂದ ಬಳಗದ ಕಾರ್ಯಕ್ರಮಗಳಿಗೆ ಒಂದು ಚಿಕ್ಕ ನಿಯಮ ಮಾಡಿಕೊಂಡಿದ್ದೇವೆ: ಯಾರು ಬರೆದರು, ಯಾರು ರಾಗ ಹಾಕಿದರು, ಯಾರು ಹೆಜ್ಜೆ ಹೇಳಿಕೊಟ್ಟರು, ಯಾರು ರಂಗೋಲಿ ಬಿಡಿಸಿದರು ಎಂಬುದನ್ನು ರಿಹರ್ಸಲ್ ಶುರುವಾಗುವ ಮೊದಲೇ ಬರೆದಿಡುವುದು. ಕಾರ್ಯಕ್ರಮ ಮುಗಿದ ಮೇಲೆ ನೆನಪು ಮಾಡಿಕೊಳ್ಳಲು ಹೋದರೆ ಏನಾಗುತ್ತದೆ ಎಂದು ಕಂಡಾಯಿತು.

ಮುಂದಿನ ರಾಜ್ಯೋತ್ಸವದ ಕೊನೆಗೆ, ಕುರ್ಚಿ ಮಡಚಿದ ಮೇಲೆ, ಆ ಬೇಸ್ ಗಿಟಾರ್ ಮತ್ತೆ ಶುರುವಾಗುತ್ತದೆ. ಕುಣಿಯಿರಿ, ಅದು ಕುಣಿಯಲೆಂದೇ ಮಾಡಿದ ಹಾಡು. ಹ್ಯಾಂಕ್‌ನ ಸರದಿ ಬಂದಾಗ ಒಂದು ಕ್ಷಣ ಕಿವಿಗೊಟ್ಟು ಆ ಅಕ್ಷರಗಳನ್ನು ಕೂಡಿಸಿ ನೋಡಿ. ಬ್ರಾಂಕ್ಸ್‌ನ ಒಬ್ಬ ಹುಡುಗನ ಹೆಸರು ಕೇಳಿಸುತ್ತದೆ.

ಹಾಂ, ಒಗ್ಗರಣೆ ರ‍್ಯಾಪ್‌ನ ಎರಡನೇ ಭಾಗ ಬರುತ್ತಿದೆ. ನಮ್ಮ ಜೂನಿಯರ್ ಮೊನ್ನೆ ಎಂಟು ಸಾಲು ಕಳಿಸಿದ. ಎಂಟನೆಯ ಸಾಲಿನಲ್ಲಿ ಅವನ ಹೆಸರಿದೆ.